ಪುಟ್ಟ ಕಂಪ್ಯೂಟರಿಗೆ ಬಿಸಿಲುನಾಡಿನ ಒರೆಗಲ್ಲು

ಟಿವಿಗೆ ಜೋಡಿಸಿ ಸಿನಿಮಾ, ಸಂಗೀತ, ಮನೆಯ ವಿಡಿಯೊಗಳನ್ನು ನೋಡಲೆಂದು ಬಿಡಿಭಾಗಗಳನ್ನು ಆರಿಸಿ ಕಟ್ಟಿಕೊಳ್ಳುವ ಹೋಂ ಥಿಯೇಟರ್ ಕಂಪ್ಯೂಟರನ್ನು ಬಹುಮಟ್ಟಿಗೆ ಅದರ ಗಾತ್ರದಿಂದಲೇ ಅಳೆಯಲಾಗುತ್ತದೆ. ಆದರೆ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲದ ಕಲಬುರಗಿ ಸೀಮೆಯಲ್ಲಿ ಆ ಅಳತೆ ಸಾಲದು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವ, ಆಳಂದ ತಾಲೂಕಿನ ಕಡಗಂಚಿಯಂತಹ ಊರಿನ ಮನೆಯೊಂದನ್ನು ಕಣ್ಣಮುಂದಿಟ್ಟುಕೊಂಡು, ಕಂಪ್ಯೂಟರ್ ಕಟ್ಟಿಕೊಳ್ಳುವ ಈ ಪದ್ಧತಿಯ ಗುಣದೋಷಗಳನ್ನು ಪರಿಶೀಲಿಸುವುದು ಅಗತ್ಯ.

ಇಂಥ ಪುಟ್ಟ ಕಂಪ್ಯೂಟರಿಗೆ ತಳಹದಿ ‘ಮಿನಿ-ಐಟಿಎಕ್ಸ್’, ಅಂದರೆ 170 ಮಿ.ಮೀ. ಉದ್ದ ಹಾಗೂ ಅಷ್ಟೇ ಅಗಲದ ಮದರ್‌ಬೋರ್ಡ್. ತೈವಾನಿನ ವಿಐಎ ಟೆಕ್ನಾಲಜೀಸ್ 2001ರಲ್ಲಿ ರೂಪಿಸಿದ ಈ ಬೋರ್ಡ್ 305×244 ಮಿ.ಮೀ. ಅಳತೆಯ, ದೊಡ್ಡ ಕಂಪ್ಯೂಟರುಗಳ ಎಟಿಎಕ್ಸ್ ಬೋರ್ಡಿನ ಐದರಲ್ಲಿ ಎರಡು ಪಾಲಿಗಿಂತಲೂ ಕಡಿಮೆ ಜಾಗ ಬೇಡುತ್ತದೆ. ಬೋರ್ಡ್ ಕುಗ್ಗಿದರೂ ಪ್ರೊಸೆಸರ್ ಹೊರಸೂಸುವ ಶಾಖ ಕುಗ್ಗುವುದಿಲ್ಲ. ಸುತ್ತಲಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಕಾಯುವ ಪ್ರೊಸೆಸರ್ 25 ಡಿಗ್ರಿಯ ಕೋಣೆಯಲ್ಲಿ 70ಕ್ಕೆ ನಿಂತರೆ, 40 ಡಿಗ್ರಿಯ ಕೋಣೆಯಲ್ಲಿ 85ಕ್ಕೆ ಏರುತ್ತದೆ. ಇಕ್ಕಟ್ಟಾದ ಕ್ಯಾಬಿನೆಟ್ಟಿನೊಳಗೆ ಗಾಳಿ ಇನ್ನೂ ಕಾಯುವುದರಿಂದ ಫ್ಯಾನ್ ಅಬ್ಬರಿಸಿ ತಿರುಗುತ್ತದೆ, ಮಿತಿ ಮೀರಿದರೆ ಪ್ರೊಸೆಸರ್ ತನ್ನ ವೇಗವನ್ನೇ ತಗ್ಗಿಸಿಕೊಳ್ಳುತ್ತದೆ. ಸದ್ದಿಲ್ಲದೆ ಸಿನಿಮಾ ನೋಡುವ ಉದ್ದೇಶಕ್ಕೆ ಅಲ್ಲಿಯೇ ಭಂಗ ಬರುತ್ತದೆ.

ಇದಕ್ಕೆ ಪರಿಹಾರವಿರುವುದು ದೊಡ್ಡ ಫ್ಯಾನಿಗಿಂತ ಹೆಚ್ಚಾಗಿ ಪ್ರೊಸೆಸರಿನ ಆಯ್ಕೆಯಲ್ಲಿ. ವಿಡಿಯೊಗಳನ್ನು ಎಚ್‌ಇವಿಸಿ (2013), ಎವಿ1 (2018) ಮೊದಲಾದ ವಿಧಾನಗಳಲ್ಲಿ ಕುಗ್ಗಿಸಿ ಇಡಲಾಗುತ್ತದೆ. ಅವನ್ನು ಬಿಡಿಸಿ ತೋರಿಸುವ ಕೆಲಸಕ್ಕೆಂದೇ ಮೀಸಲಾದ ವಿದ್ಯುನ್ಮಂಡಲ ಚಿಪ್ಪಿನೊಳಗಿದ್ದರೆ ಪ್ರೊಸೆಸರಿನ ಉಳಿದ ಭಾಗಗಳಿಗೆ ಹೆಚ್ಚಿನ ಶ್ರಮವಿರುವುದಿಲ್ಲ. 2023ರಲ್ಲಿ ಬಂದ ಇಂಟೆಲ್ ಎನ್100 ಪ್ರೊಸೆಸರಿನ ಘೋಷಿತ ಶಾಖಮಿತಿ 6 ವ್ಯಾಟ್ ಮಾತ್ರವಾಗಿದ್ದು, ಈ ಎರಡೂ ಬಗೆಯ ವಿಡಿಯೊಗಳನ್ನು ಅದು ಸಲೀಸಾಗಿ ತೋರಿಸುತ್ತದೆ. ಇಂಥ ಆಯ್ಕೆಯಿಂದ ವಿದ್ಯುತ್ತೂ ಉಳಿಯುತ್ತದೆ: ದಿನಕ್ಕೆ ನಾಲ್ಕು ಗಂಟೆ ನಡೆಯುವ 60 ವ್ಯಾಟಿನ ಯಂತ್ರ ತಿಂಗಳಿಗೆ 7.2 ಯೂನಿಟ್ ವಿದ್ಯುತ್ ಬಳಸಿದರೆ 15 ವ್ಯಾಟಿನದು 1.8 ಯೂನಿಟ್ ಬಳಸುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಈ ವ್ಯತ್ಯಾಸದ ಬೆಲೆ ಇನ್ನೂ ಹೆಚ್ಚು.

ಶಾಖದಷ್ಟೇ ಬಾಧಕವಾದುದು ಧೂಳು. ತೊಗರಿ ರಾಶಿಯ ಕಾಲದಲ್ಲಿ ಹಾರುವ ಹೊಟ್ಟು ಹೀಟ್‌ಸಿಂಕಿನ, ಅಂದರೆ ಶಾಖವನ್ನು ಗಾಳಿಗೆ ಬಿಡುವ ಲೋಹದ ರೆಕ್ಕೆಗಳ, ಸಂದುಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ತೊಳೆಯಲು ಬರುವ ಜಾಳಿಗೆಯುಳ್ಳ, ತುಸು ದೊಡ್ಡದಾದರೂ ಗಾಳಿಯಾಡುವ ಕ್ಯಾಬಿನೆಟ್ಟೇ ಅಂಗೈಯಗಲದ ಪೆಟ್ಟಿಗೆಗಿಂತ ಮೇಲು.

ಈ ಪದ್ಧತಿಯ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಚಂದಾ ಕಟ್ಟಿ ನೋಡುವ ಕೆಲವು ಸಿನಿಮಾ ಸೇವೆಗಳು ಅಕ್ರಮ ನಕಲು ತಡೆಯುವ ನಿಯಮಗಳಿಂದಾಗಿ ಕಂಪ್ಯೂಟರಿನ ಬ್ರೌಸರಿಗೆ ಪೂರ್ಣ ಗುಣಮಟ್ಟದ ಚಿತ್ರ ಕೊಡುವುದಿಲ್ಲ. ಆ ಸೇವೆಗಳಿಗಷ್ಟೇ ಆದರೆ ಟಿವಿಗೆ ಸಿಕ್ಕಿಸುವ ಅಗ್ಗದ ಸ್ಟಿಕ್ ಸಾಕು. ಮದುವೆಯ ವಿಡಿಯೊ, ಊರಿನ ಬಯಲಾಟದ ಚಿತ್ರೀಕರಣ, ಹಳೆಯ ಹಾಡುಗಳನ್ನು ಒಂದೆಡೆ ಜೋಪಾನವಾಗಿಟ್ಟು, ಇಂಟರ್‌ನೆಟ್ ಇಲ್ಲದಿದ್ದರೂ ಮನೆಮಂದಿಯೆಲ್ಲ ಕೂತು ನೋಡಬೇಕೆನ್ನುವವರಿಗೆ ಮಾತ್ರ ಈ ಶ್ರಮ ಸಾರ್ಥಕ. ಅಂಥವರು ಎಷ್ಟು ಚಿಕ್ಕದು ಎಂದು ಕೇಳುವ ಮೊದಲು ಎಷ್ಟು ಕಾಯುತ್ತದೆ ಎಂದು ಕೇಳಲಿ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಯ ಸಿನಿಮಾವನ್ನು ಸದ್ದಿಲ್ಲದೆ ಮುಗಿಸುವ ಯಂತ್ರವೇ ಈ ನೆಲಕ್ಕೆ ಒಪ್ಪುವಂಥದು.