ಕೊರತೆ ರೋಗಗಳ ಪಟ್ಟಿಯೂ ಉಣ್ಣಲಾಗದ ರೋಗಿಯೂ

ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಒಂದು ಪಟ್ಟಿ ಬಾಯಿಪಾಠವಾಗಿರುತ್ತದೆ. ಎ ಜೀವಸತ್ವ ಕಡಿಮೆಯಾದರೆ ಇರುಳುಗುರುಡು, ಬಿ1 ಕಡಿಮೆಯಾದರೆ ಬೆರಿಬೆರಿ, ಸಿ ಕಡಿಮೆಯಾದರೆ ಸ್ಕರ್ವಿ, ಕಬ್ಬಿಣ ಕಡಿಮೆಯಾದರೆ ರಕ್ತಹೀನತೆ. ಎಡಗಡೆ ಪೋಷಕಾಂಶ, ಬಲಗಡೆ ರೋಗ. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಇದಕ್ಕಿಂತ ಅನುಕೂಲವಾದ ಪಾಠ ಇನ್ನೊಂದಿಲ್ಲ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಎಂಥವರನ್ನು ನೋಡಿ ಸಿದ್ಧವಾದ ಪಟ್ಟಿ ಎಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

1747ರಲ್ಲಿ ಜೇಮ್ಸ್ ಲಿಂಡ್ ಸ್ಕರ್ವಿಯ ಪ್ರಯೋಗ ಮಾಡಿದ್ದು ಹಡಗಿನ ನಾವಿಕರ ಮೇಲೆ. 1890ರ ದಶಕದಲ್ಲಿ ಐಕ್‌ಮನ್ ಜಾವಾ ದ್ವೀಪದಲ್ಲಿ ಗಮನಿಸಿದ್ದು ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳನ್ನು. ಎರಡೂ ಕಡೆ ತಿನ್ನಲು ಬಾಯಿಗೆ ಅಡ್ಡಿಯಿರಲಿಲ್ಲ. ತಿನ್ನುವುದರಲ್ಲಿ ಮುಖ್ಯವಾದ ಒಂದು ವಸ್ತು ಇರಲಿಲ್ಲ. ಅಗಿಯಲು, ನುಂಗಲು ಆಗದ ರೋಗಿಯ ಸ್ಥಿತಿಯೇ ಬೇರೆ. ಅವನಿಗೆ ಒಂದಲ್ಲ, ಎಲ್ಲವೂ ಒಟ್ಟಿಗೆ ಕಡಿಮೆಯಾಗುತ್ತವೆ. ಅಂಥವನ ಮುಂದೆ ಈ ಪಟ್ಟಿ ಹಿಡಿದು ನಿಂತರೆ ಕೊರತೆ ಕಣ್ಣಿಗೆ ಬೀಳುವುದು ತೀರ ತಡವಾಗಿ.

ನಮ್ಮ ನೆರೆಯ ಉದಾಹರಣೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಓದುಗರು ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಇದು ತೆಂಗು, ಅಡಿಕೆ, ರಾಗಿ ಬೆಳೆಯುವ ನೆಲ. ಎಲೆ-ಅಡಿಕೆ ಜಗಿಯುವುದು ಹಳೆಯ ರೂಢಿ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೇಳಿದೆ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರದ ಕೆಳಗೆ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ಸೋಕಿದರೆ ಉರಿಯುತ್ತದೆ. ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ 6ರಿಂದ 7 ವಾರ ನಡೆಯುತ್ತದೆ. ಆ ಅವಧಿಯಲ್ಲಿ ಬಾಯಿ ಹುಣ್ಣಾಗುತ್ತದೆ, ಹಲವರಿಗೆ ಮೂಗಿನ ಮೂಲಕ ನಳಿಕೆ ಹಾಕಬೇಕಾಗುತ್ತದೆ. ಪಾರ್ಶ್ವವಾಯು ಬಡಿದು ನುಂಗಲಾಗದವರದೂ ಇದೇ ಪಾಡು.

ಈಗ ಪಟ್ಟಿಯನ್ನು ಪರೀಕ್ಷಿಸೋಣ. ನಾಲಿಗೆ ಕೆಂಪಾಗುವುದು, ಬಾಯಿಯ ಕೊನೆ ಸೀಳುವುದು ಬಿ ಗುಂಪಿನ ಜೀವಸತ್ವಗಳ ಮತ್ತು ಕಬ್ಬಿಣದ ಕೊರತೆಯ ಗುರುತು. ಆದರೆ ರೋಗವೂ ಚಿಕಿತ್ಸೆಯೂ ಬಾಯಿಯನ್ನೇ ಕೆಡಿಸಿರುವಾಗ ಆ ಗುರುತನ್ನು ಓದುವುದು ಹೇಗೆ? ಹಾಸಿಗೆ ಬಿಟ್ಟು ಏಳದವನ ಇರುಳುಗುರುಡನ್ನು ಯಾರು ಗಮನಿಸುತ್ತಾರೆ? ಮಧುಮೇಹದಿಂದ ಪಾದ ಜೋಮು ಹಿಡಿದವನಲ್ಲಿ ಬಿ1ರ ಕೊರತೆಯನ್ನು ಬೇರ್ಪಡಿಸುವುದು ಹೇಗೆ?

ರಕ್ತಪರೀಕ್ಷೆ ಸಾಕಲ್ಲವೇ?

ಸಾಲದು. ರಕ್ತದ ಆಲ್ಬುಮಿನ್ ಕಡಿಮೆಯಿದ್ದರೆ ಪೋಷಣೆ ಕಡಿಮೆ ಎಂಬ ನಂಬಿಕೆ ಬಹುಕಾಲ ನಡೆದು ಬಂದಿದೆ. ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನ. ಇಂದಿನ ಉಪವಾಸವನ್ನು ಅದು ಇಂದೇ ಹೇಳಲಾರದು. ಸೋಂಕು, ಉರಿಯೂತ ಇದ್ದಾಗ ಊಟ ಚೆನ್ನಾಗಿದ್ದರೂ ಅದು ಇಳಿಯುತ್ತದೆ. ಬರೀ ಉಪವಾಸದಿಂದ ಬಡಕಲಾದವರಲ್ಲಿ ಬಹುಕಾಲ ಸರಿಯಾಗಿಯೇ ಇರಬಹುದು. ಆದುದರಿಂದಲೇ ಅಮೆರಿಕದ ಪೋಷಣಾ ತಜ್ಞರ ಸಂಘಟನೆಯಾದ ಆಸ್ಪೆನ್, 2021ರ ತನ್ನ ನಿಲುವು ಪತ್ರದಲ್ಲಿ ಆಲ್ಬುಮಿನ್ನನ್ನು ಪೋಷಣೆಯ ಅಳತೆಗೋಲಾಗಿ ಬಳಸಬಾರದೆಂದು ತಿಳಿಸಿತು. ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಇದಕ್ಕೆ ವಿರುದ್ಧ: ಉರಿಯೂತದಲ್ಲಿ ಅದು ಏರುತ್ತದೆ. ಒಂದು ಪರೀಕ್ಷೆ ಇಲ್ಲದ ಕೊರತೆಯನ್ನು ತೋರಿಸಬಹುದು, ಇನ್ನೊಂದು ಇರುವ ಕೊರತೆಯನ್ನು ಮುಚ್ಚಬಹುದು.

ತೂಕದ ಇಳಿಕೆ

ಹಾಗಾದರೆ ತೂಕ ನೋಡಿದರೆ ಸಾಕೇ? ಯಾವ ತೂಕ ಎಂಬುದು ಮುಖ್ಯ. 1.5 ಮೀಟರ್ ಎತ್ತರ, 50 ಕಿಲೋ ತೂಕದ ಹೆಂಗಸೊಬ್ಬರು ನಾಲ್ಕು ತಿಂಗಳಲ್ಲಿ 44 ಕಿಲೋಗೆ ಇಳಿದರೆನ್ನಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ 22.2ರಿಂದ 19.6ಕ್ಕೆ ಬಂದಿದೆ. 18.5ಕ್ಕಿಂತ ಕಡಿಮೆಯಾದರಷ್ಟೇ ಕೃಶ ಎನ್ನುವ ಅಳತೆಯಲ್ಲಿ ಇವರು ಆರೋಗ್ಯವಂತರು! ಆದರೆ ಕಳೆದುಕೊಂಡದ್ದು ಶೇಕಡ 12. ಬ್ರಿಟನ್ನಿನಲ್ಲಿ 2003ರಿಂದ ಬಳಕೆಯಲ್ಲಿರುವ ‘ಮಸ್ಟ್’ ಎಂಬ ಅಂಕಪಟ್ಟಿಯಲ್ಲಿ ಶೇಕಡ 10 ಮೀರಿದ ಇಳಿಕೆಗೆ 2 ಅಂಕ; ಅಷ್ಟೇ ಸಾಕು, ರೋಗಿ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತಾರೆ. ಒಂದು ದಿನದ ತೂಕಕ್ಕಿಂತ ಎರಡು ದಿನಾಂಕಗಳ ನಡುವಣ ವ್ಯತ್ಯಾಸ ಹೆಚ್ಚು ಹೇಳುತ್ತದೆ.

ಪಾದಗಳಲ್ಲಿ ನೀರು ತುಂಬಿದ್ದರೆ ತೂಕವೂ ಮೋಸ ಮಾಡುತ್ತದೆ. ಆಗ ತೋಳಿನ ನಡುಭಾಗದ ಸುತ್ತಳತೆ ನೆರವಿಗೆ ಬರುತ್ತದೆ. ವಯಸ್ಕರಲ್ಲಿ ಅದು 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೂಚ್ಯಂಕ 20ಕ್ಕಿಂತ ಕೆಳಗಿರುವ ಸಂಭವ ಹೆಚ್ಚು. ನಮ್ಮಲ್ಲಿ ಐದು ವರ್ಷದೊಳಗಿನ ಮಕ್ಕಳ ತೋಳನ್ನು ಅಳೆದು, 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಗುರುತಿಸುವ ಕ್ರಮವಿದೆ. ಅದೇ ಮನೆಯ ಮೂಲೆಯಲ್ಲಿ ಮಲಗಿದ ಅಜ್ಜನ ತೋಳಿಗೂ ಒಂದು ಟೇಪು ಸುತ್ತಲು ಏನು ಅಡ್ಡಿ?

ಲೋಟದ ಲೆಕ್ಕ

ಎಲ್ಲಕ್ಕಿಂತ ಮೊದಲೇ ಸುಳಿವು ಕೊಡುವುದು ರೋಗಿಯ ಲೋಟ. ‘ದಿನಕ್ಕೆ ಆರು ಲೋಟ ಗಂಜಿ ಕುಡಿಯುತ್ತಾರೆ’ ಎಂದು ಮನೆಯವರು ಸಮಾಧಾನದಿಂದ ಹೇಳುವುದುಂಟು. ಲೆಕ್ಕ ಹಾಕಿ. ನಳಿಕೆಯಲ್ಲಿ ಇಳಿಯುವಷ್ಟು ತೆಳುವಾದ 200 ಮಿಲಿಲೀಟರ್ ಗಂಜಿಯಲ್ಲಿ 20 ಗ್ರಾಂ ರಾಗಿಹಿಟ್ಟು ಇದೆಯೆನ್ನೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ, 7 ಗ್ರಾಂ ಪ್ರೋಟೀನು. ಆರು ಲೋಟಕ್ಕೆ ಸುಮಾರು 385 ಕಿಲೋಕ್ಯಾಲೊರಿ, ಎಂಟೂವರೆ ಗ್ರಾಂ ಪ್ರೋಟೀನು. 50 ಕಿಲೋ ತೂಗುವ ರೋಗಿಗೆ ಬೇಕಾದುದು ಕಿಲೋಗೆ 25ರಿಂದ 30ರಂತೆ 1250ರಿಂದ 1500 ಕಿಲೋಕ್ಯಾಲೊರಿ, ಕನಿಷ್ಠ 50 ಗ್ರಾಂ ಪ್ರೋಟೀನು. ಹೊಟ್ಟೆಗೆ ಒಂದು ಲೀಟರಿಗೂ ಮಿಕ್ಕಿ ಹೋಗುತ್ತಿದೆ. ಶಕ್ತಿ ಮೂರನೆಯ ಒಂದು ಪಾಲೂ ಸಿಕ್ಕಿಲ್ಲ. ಬಲ ಬರಲೆಂದು ಹಾಕಿಸುವ ಶೇಕಡ 5ರ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು ಸುಮಾರು 85 ಕಿಲೋಕ್ಯಾಲೊರಿ, ಒಂದು ಬಾಳೆಹಣ್ಣಿನಷ್ಟು.

2019ರಲ್ಲಿ ಹಲವು ದೇಶಗಳ ತಜ್ಞರು ಒಪ್ಪಿ ಪ್ರಕಟಿಸಿದ ‘ಗ್ಲಿಮ್’ ಮಾನದಂಡಗಳಲ್ಲಿ, ಅಗತ್ಯದ ಅರ್ಧ ಅಥವಾ ಅದಕ್ಕಿಂತ ಕಡಿಮೆ ಆಹಾರ ಒಂದು ವಾರ ಮೀರಿ ನಡೆಯುವುದು ಅಪೌಷ್ಟಿಕತೆಯ ಕಾರಣಗಳಲ್ಲಿ ಒಂದು. ತೂಕ ಇಳಿದಿರುವುದೂ ಇದಕ್ಕೆ ಸೇರಿದರೆ ನಿರ್ಣಯಕ್ಕೆ ಸಾಕು. ಮೇಲಿನ ರೋಗಿಯಲ್ಲಿ ಮೊದಲನೆಯದು ಎಂಟನೆಯ ದಿನವೇ ತಿಳಿಯುತ್ತದೆ, ಒಂದು ಹನಿ ರಕ್ತವನ್ನೂ ತೆಗೆಯದೆ.

ದಿನಗಳ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ದೇಹದಲ್ಲಿ ಬಿ1ರ ದಾಸ್ತಾನು ಸುಮಾರು 30 ಮಿಲಿಗ್ರಾಂ. ಅದು ಎರಡು ಮೂರು ವಾರಗಳಲ್ಲಿ ಬರಿದಾಗಬಹುದು. ಬಿ12ರ ದಾಸ್ತಾನು, ಮೊದಲೇ ಕಡಿಮೆಯಿಲ್ಲದಿದ್ದರೆ, ವರ್ಷಗಟ್ಟಲೆ ಬರುತ್ತದೆ. ಆದ್ದರಿಂದ ಮೂರು ವಾರ ಉಣ್ಣದವನಲ್ಲಿ ಮೊದಲು ಶಂಕಿಸಬೇಕಾದುದು ಬಿ1ರ ಕೊರತೆಯನ್ನು. ಇಂಥವನಿಗೆ ಒಮ್ಮೆಲೇ ಹೆಚ್ಚು ಆಹಾರ ಅಥವಾ ಗ್ಲೂಕೋಸು ಕೊಟ್ಟರೆ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿದು ಪ್ರಾಣಾಪಾಯವಾಗಬಹುದು. ಬಿ1ರ ಕೊರತೆ ಮೆದುಳನ್ನೂ ಬಾಧಿಸಬಹುದು. ಪತ್ತೆಯಾದ ಬಳಿಕದ ಹೆಜ್ಜೆ ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕು.

ಗಂಜಿಯ ಹಿಟ್ಟು ಹೆಚ್ಚಿಸಿದರೆ ಅದು ಮುದ್ದೆಯ ದಾರಿ ಹಿಡಿಯುತ್ತದೆ, ನಿಜ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಎಚ್.ಎಸ್.ಆರ್. ದೇಸಿಕಾಚಾರ್ ಮತ್ತು ಎನ್.ಜಿ. ಮಲ್ಲೇಶಿ 1980ರ ದಶಕದ ಆರಂಭದಲ್ಲಿ ಶಿಶು ಆಹಾರಕ್ಕಾಗಿ ಇದೇ ತೊಡಕನ್ನು ಬಿಡಿಸಿದರು. ಮೊಳಕೆ ಬರಿಸಿದ ರಾಗಿಯ ಅಮೈಲೇಸ್ ಕಿಣ್ವ ಪಿಷ್ಟವನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಹೆಸರುಕಾಳು ಬೆರೆಸಿದರೆ ಪ್ರೋಟೀನೂ ಹೆಚ್ಚುತ್ತದೆ.

ತರಗತಿಯಲ್ಲಿ ಏನು ಮಾಡಬಹುದು?

ಅಧ್ಯಾಪಕರು ಪಟ್ಟಿಯನ್ನು ಕೈಬಿಡಬೇಕಿಲ್ಲ. ಅದಕ್ಕೆ ಇನ್ನೆರಡು ಅಂಕಣ ಸೇರಿಸಿ: ‘ಯಾರಲ್ಲಿ?’, ‘ಎಷ್ಟು ದಿನದಿಂದ?’. ವಿದ್ಯಾರ್ಥಿಗಳು ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ತಮ್ಮ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ನೋಡಲಿ; ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಲಿ. ಟೇಪಿನಿಂದ ತೋಳು ಅಳೆಯಲಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಒಂದು ದಿನದ ಲೋಟಗಳನ್ನು ಎಣಿಸಿ, ಒಂದೊಂದಕ್ಕೂ ಎಷ್ಟು ಹಿಟ್ಟು, ಎಷ್ಟು ಹಾಲು, ಎಷ್ಟು ಬೇಳೆ ಹೋಯಿತೆಂದು ಬರೆದಿಡಲಿ. ಗುಣಿಸಿ ಕೂಡಿಸಲು ಏಳನೆಯ ತರಗತಿಯ ಗಣಿತ ಸಾಕು. ಆ ಹಾಳೆಯನ್ನು ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಕೊಂಡೊಯ್ದು ವೈದ್ಯರಿಗೆ ತೋರಿಸಲಿ.