ಸಾಲೆಲ್ಲ ಸರಿ, ಹಾಳೆ ತಪ್ಪು

ಮೊನ್ನೆ ರಜೆಗೆ ಬೆಳ್ಮಣ್‌ಗೆ ಹೋಗುವಾಗ ಅಕ್ಕನ ಮಗನಿಗೆ ಮಾಡೆಲ್ ರೈಲು ಒಯ್ದಿದ್ದೆ. ನಮ್ಮೂರಿಗೆ ಬಸ್ಸು ಬೇಕಾದಷ್ಟುಂಟು, ರೈಲಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ಶುರುವಾದಾಗ ರೈಲು ನೋಡಲೆಂದೇ ನಂದಿಕೂರಿಗೆ ಹೋದ ಮಕ್ಕಳು ನಾವು. ಆ ಆಸೆಗೇ ಇರಬೇಕು, ಸೆಕೆಂಡ್‌ಹ್ಯಾಂಡಲ್ಲಿ ಎಚ್‌ಒ ಅಳತೆಯ ಡೀಸೆಲ್ ಎಂಜಿನ್ ತಗೊಂಡೆ. ಅಸಲಿ ಎಂಜಿನ್ನಿನ 87ನೇ ಒಂದು ಪಾಲು ಉದ್ದ, 16.5 ಮಿಲಿಮೀಟರ್ ಹಳಿ, 12 ವೋಲ್ಟ್ ಕರೆಂಟ್. ಚಾವಡಿಯಲ್ಲಿ ಹಳಿ ಜೋಡಿಸಿ ಬಿಟ್ಟರೆ ಚಕ್ರ ಗಿರ್ರನೆ ತಿರುಗುತ್ತದೆ, ಎಂಜಿನ್ ಮಾತ್ರ ನಿಂತಲ್ಲೇ!

ಜೊತೆಗೆ ಒಂದು ರಿಪೇರಿ ಹಾಳೆ ಬಂದಿತ್ತು. ಇವತ್ತಿನ ವಿಮರ್ಶೆ ಅದರದ್ದೇ. ನಗಬೇಡಿ, ನಮ್ಮಂಥವರು ಕಾದಂಬರಿಗಿಂತ ಹೆಚ್ಚು ಓದುವುದು ಇಂಥ ಕಾಗದಗಳನ್ನೇ.

ಮೊದಲು ಹೊಗಳಿಕೆ. ಚಿತ್ರಗಳು ಚೆನ್ನಾಗಿವೆ. ಹಳಿ ತಪ್ಪಿದರೆ ಮೋಟಾರನ್ನು ಬೈಯುವ ಮೊದಲು ಎರಡು ಚಕ್ರಗಳ ನಡುವಿನ ಅಂತರ ಅಳೆಯಿರಿ ಅಂತದೆ. ಒಳ್ಳೆ ಮಾತು.

ತಕರಾರು ಶುರುವಾಗುವುದು ಪಟ್ಟಿಯಲ್ಲಿ. ಎಡಕ್ಕೆ ರೋಗ, ಬಲಕ್ಕೆ ಮದ್ದು. ‘ಚಕ್ರ ಜಾರುತ್ತದೆಯೇ? ಚಕ್ರದ ರಬ್ಬರ್ ಬಳೆ ಬದಲಿಸಿ. ಸಾಲದಿದ್ದರೆ ರಬ್ಬರ್ ಇರುವ ಇನ್ನೊಂದು ಆಕ್ಸಲ್ ಹಾಕಿ.’ ಹಳೆ ಬಳೆ ಸಡಿಲಾಗಿತ್ತು, ಬದಲಿಸಿದೆ. ದುರಾಸೆಗೆ ಬಿಡಿಭಾಗದ ಪೊಟ್ಟಣದಲ್ಲಿದ್ದ ಇನ್ನೊಂದು ಆಕ್ಸಲನ್ನೂ ಮುಂದಿನ ಬೋಗಿಗೇ ಹಾಕಿದೆ. ಹಿಡಿತ ಬಂತು. ಆದರೆ ಹಳಿ ಕವಲೊಡೆಯುವ ಪಾಯಿಂಟ್ ಬಂದಲ್ಲೆಲ್ಲ ಎಂಜಿನ್ ಸ್ತಬ್ಧ. ಹಾಳೆ ತಿರುವಿದೆ: ‘ಪಾಯಿಂಟಿನಲ್ಲಿ ನಿಲ್ಲುತ್ತದೆಯೇ? ಹಳಿ ಒರೆಸಿ.’ ಒರೆಸಿದೆ. ಮತ್ತೆ ನಿಂತಿತು. ‘ಇದು ಹಾಳು ಮಾವ’ ಅಂದು ಹುಡುಗ ಮೊಬೈಲ್ ಹಿಡಿದ. ರಾತ್ರಿ ನನಗೆ ಬೆಂಗಳೂರಿನ ಬಸ್ಸು.

ಆಗ ನೆನಪಾದದ್ದು ನಮ್ಮ ಪೇಟೆಯ ಸೈಕಲ್ ಅಂಗಡಿಯಣ್ಣ. ಏನೇ ದೂರು ಹೇಳಿ, ಸೈಕಲ್ಲನ್ನು ಮೊದಲು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಿ ನೋಡುತ್ತಿದ್ದರು. ‘ಅವಸರ ಎಂತ ಮಾರಾಯ, ಅದೇ ಹೇಳ್ತದೆ.’ ಎಂಜಿನ್ ಮಗುಚಿ ಹುಡುಗನ ಕೈಗೆ ಎರಡು ವಯರ್ ಕೊಟ್ಟೆ: ಒಂದೊಂದೇ ಆಕ್ಸಲ್ಲಿನ ಎರಡು ಚಕ್ರಕ್ಕೆ ಮುಟ್ಟಿಸು. ಎರಡೇ ನಿಮಿಷ. ‘ಮಾವ, ಹಿಂದಿನದಕ್ಕೆ ಮುಟ್ಟಿಸಿದ್ರೆ ಮಾತ್ರ ಮೋಟಾರ್ ತಿರುಗ್ತದೆ!’

ಅಷ್ಟೇ ವಿಷಯ. ಈ ಚಕ್ರಗಳಿಗೆ ಎರಡು ಕೆಲಸ: ಹಳಿಯನ್ನು ಹಿಡಿಯಬೇಕು, ಹಳಿಯಿಂದ ಕರೆಂಟೂ ತರಬೇಕು. ರಬ್ಬರ್ ಹಿಡಿಯುತ್ತದೆ, ಕರೆಂಟ್ ಬಿಡುವುದಿಲ್ಲ. ಎಂಟು ಚಕ್ರದಲ್ಲಿ ನಾಲ್ಕಕ್ಕೆ ನಾನೇ ರಬ್ಬರ್ ತೊಡಿಸಿದ್ದೆ. ಉಳಿದ ಹಿಂದಿನ ಬೋಗಿಯಲ್ಲಿ ಒಂದು ಬದಿಗೆ ಎರಡೇ ಚಕ್ರ. ಒಂದು ಪಾಯಿಂಟಿನ ಪ್ಲಾಸ್ಟಿಕ್ ಮೇಲೆ, ಇನ್ನೊಂದಕ್ಕೆ ಕೊಳೆ ಮೆತ್ತಿದರೆ ಕಥೆ ಮುಗಿಯಿತು.

ಇದು ಆಟಿಕೆಯದ್ದೊಂದೇ ಗೋಳಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ 50 ಮೀಟರಿಗೆ ಒಂದು ಮೀಟರ್ ಏರಿಳಿತ. ಅಂಥಲ್ಲಿ ಚಕ್ರ ಜಾರಿದರೆ ಅಸಲಿ ಎಂಜಿನ್ ಹಳಿ ಮೇಲೆ ಮರಳು ಉದುರಿಸುತ್ತದೆ. ಆದರೆ ಮರಳು ಅತಿಯಾದರೆ ಚಕ್ರಕ್ಕೂ ಹಳಿಗೂ ನಡುವೆ ವಿದ್ಯುತ್ ಸಂಪರ್ಕ ಕೆಡುತ್ತದೆ. ಹಳಿಯಲ್ಲಿ ಹರಿಯುವ ಕರೆಂಟಿನಿಂದ ರೈಲಿನ ಇರವು ತಿಳಿಯುವ ಸಿಗ್ನಲಿಗೆ ಅದೇ ದೊಡ್ಡ ತೊಂದರೆ.

ಹಾಳೆಯಲ್ಲಿ ಒಂದೂ ಸಾಲು ಸುಳ್ಳಲ್ಲ. ಒಂದು ಸಾಲಿನ ಮದ್ದು ಇನ್ನೊಂದು ಸಾಲಿನ ರೋಗ ಅನ್ನುವುದನ್ನು ಮಾತ್ರ ಅದು ಎಲ್ಲೂ ಹೇಳುವುದಿಲ್ಲ. ‘ಗೇರಿಗೆ ಎಣ್ಣೆ ಬಿಡಿ’ ಅನ್ನುತ್ತದೆ, ಎಷ್ಟು ಅಂತಿಲ್ಲ. ಹೆಚ್ಚಾದ ಎಣ್ಣೆ ಚಕ್ರಕ್ಕಿಳಿದು ಮತ್ತೆ ಜಾರುತ್ತದೆ. ನಮ್ಮ ಆಫೀಸಿನ ಟಿಕೆಟ್ಟುಗಳ ಹಾಗೆ, ಒಂದು ಕ್ಲೋಸ್ ಮಾಡಿದರೆ ಪಕ್ಕದ ಟೀಮಿಗೆ ಎರಡು ಓಪನ್.

ನಾನಾದರೆ ಪಟ್ಟಿಗೂ ಮೊದಲು ಮೂರು ಪ್ರಶ್ನೆ ಬರೆಯುತ್ತಿದ್ದೆ. ಮೋಟಾರ್ ಸದ್ದೇ ಇಲ್ಲವೇ? ಕರೆಂಟಿನ ದಾರಿ ಹುಡುಕಿ. ಸದ್ದುಂಟು, ಚಕ್ರ ತಿರುಗುವುದಿಲ್ಲವೇ? ಗೇರ್ ಬಿರುಕು ಬಿಟ್ಟಿದೆಯೋ, ಆಕ್ಸಲ್ ಮೇಲೆ ಜಾರುತ್ತಿದೆಯೋ ನೋಡಿ. ಚಕ್ರ ತಿರುಗಿಯೂ ರೈಲು ಹೋಗುವುದಿಲ್ಲವೇ? ಹಿಡಿತ, ತೂಕ, ಎಣ್ಣೆ.

ಹೆಚ್ಚುವರಿ ರಬ್ಬರ್ ಆಕ್ಸಲ್ ತೆಗೆದು ಲೋಹದ್ದನ್ನೇ ಮತ್ತೆ ಹಾಕಿದೆವು. ಕಮ್ಮಿಯಾದ ಹಿಡಿತಕ್ಕೆ, ಭಾವನ ಗಾಳದ ಸೀಸದ ಗುಂಡೊಂದನ್ನು ಮುಂದಿನ ಬೋಗಿಯ ಮೇಲೆ ಬರುವ ಹಾಗೆ ಒಳಗಡೆ ಅಂಟಿಸಿದೆ. ಬಸ್ಸಿಗೆ ಅರ್ಧ ಗಂಟೆ ಇರುವಾಗ ರೈಲು ಪಾಯಿಂಟ್ ದಾಟಿತು. ಹುಡುಗ ಆ ಹಾಳೆಯ ಹಿಂಬದಿಯಲ್ಲಿ ಎಂಟು ಚಕ್ರ ಬರೆದು, ಕರೆಂಟ್ ತರುವ ಆರಕ್ಕೆ ಗುರುತು ಹಾಕುತ್ತಿದ್ದ.