ರಾಗಿಗೆ ಒಂದು ಹೆಸರೋ, ಮೂರೋ? ಬುಕಾನನ್‌ನ ಪ್ರವಾಸ ಗ್ರಂಥವನ್ನು ಮತ್ತೆ ಓದಿದಾಗ

ನಂಜನಗೂಡಿನಿಂದ ಕಪಿಲೆಯ ಹರಿವಿನ ಜೊತೆಗೇ ಹೊರಟರೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಎದುರಾಗುತ್ತದೆ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದ. ಅವನನ್ನು ಕಳಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. 1807ರಲ್ಲಿ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ದಿನಚರಿಯನ್ನು ಇತಿಹಾಸದ ಅಧ್ಯಾಪಕರು ಬಲ್ಲರು. ವಿಜ್ಞಾನದ ಅಧ್ಯಾಪಕರು ಅದನ್ನು ತೆರೆಯುವುದು ಕಡಿಮೆ. ತೆರೆಯಬೇಕು, ಆದರೆ ಎಚ್ಚರದಿಂದ.

ಆ ಕಾಲದ ನಿಸರ್ಗ ವಿಜ್ಞಾನ ನಿಂತಿದ್ದೇ ಟಪಾಲಿನ ಮೇಲೆ. ಸ್ವೀಡನ್ನಿನಲ್ಲಿದ್ದ ಲಿನೇಯಸ್‌ಗೆ ತರಂಗಂಬಾಡಿಯಿಂದ ಅವನ ಶಿಷ್ಯ ಕೋನಿಗ್ ಪತ್ರ ಬರೆಯುತ್ತಿದ್ದ. ಕೋನಿಗ್‌ನ ಒಡನಾಟವಿದ್ದ ರಾಕ್ಸ್‌ಬರೊ 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಹೊಣೆ ಹೊತ್ತ. ಬುಕಾನನ್ ಅವನಿಗೂ ಬರೆಯುತ್ತಿದ್ದ, ಎಡಿನ್‌ಬರೊದ ಸಹಪಾಠಿ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೂ ಬರೆಯುತ್ತಿದ್ದ. ಲಿನೇಯಸನ ಸಂಗ್ರಹವನ್ನು ಕೊಂಡು 1788ರಲ್ಲಿ ಲಿನೇಯನ್ ಸೊಸೈಟಿಯನ್ನು ಸ್ಥಾಪಿಸಿದವನು ಈ ಸ್ಮಿತ್. ಮೈಸೂರು ಪ್ರವಾಸದ ಒಣಸಸ್ಯಗಳು ಕೊನೆಗೆ ಸೇರಿದ್ದೂ ಅವನನ್ನೇ.

ಇಷ್ಟು ದೂರದ ಪತ್ರ ವ್ಯವಹಾರ ನಡೆದದ್ದು ಲಿನೇಯಸನ ಎರಡು ಪದಗಳ ಹೆಸರುಗಳಿಂದ. ‘ಹೊನ್ನೆ’ ಎಂದಷ್ಟೇ ಬರೆದಿದ್ದರೆ ಲಂಡನ್ನಿನಲ್ಲಿ ಯಾರಿಗೆ ತಿಳಿಯುತ್ತಿತ್ತು? ಬುಕಾನನ್ ಕನ್ನಡದ ಹೆಸರನ್ನೂ ಲ್ಯಾಟಿನ್ ಹೆಸರನ್ನೂ ಜೊತೆಜೊತೆಗೆ ಕೊಡುತ್ತಾನೆ. ಇದು ಗ್ರಂಥದ ದೊಡ್ಡ ಗುಣ. ಅವನ ಇಂಗ್ಲಿಷ್ ಕಾಗುಣಿತದಲ್ಲಿ ನಮ್ಮ ಮರಗಳಿರಲಿ, ನಂಜನಗೂಡೂ ಒಂದು ಕ್ಷಣ ತಬ್ಬಿಬ್ಬು ಮಾಡುತ್ತದೆ. ಆಗ ಲ್ಯಾಟಿನ್ ಹೆಸರೇ ದಾರಿ ತೋರಿಸಬೇಕು!

ಈಗ ರಾಗಿಯನ್ನು ನೋಡಿ. ಬುಕಾನನ್ ಅದನ್ನು ಸೈನೋಸುರಸ್ ಎಂಬ ಜಾತಿಗೆ ಸೇರಿಸುತ್ತಾನೆ. ಲಿನೇಯಸ್ 1759ರಲ್ಲಿ ಇಟ್ಟ ಜಾಗ ಅದು. ಆದರೆ 1788ರಲ್ಲೇ ಗೇರ್ಟ್ನರ್ ರಾಗಿಯನ್ನು ಎಲ್ಯೂಸಿನೆ ಜಾತಿಗೆ ವರ್ಗಾಯಿಸಿದ್ದ. ಇಂದಿಗೂ ಅದು ಎಲ್ಯೂಸಿನೆ ಕೊರಕಾನ. ಹತ್ತೊಂಬತ್ತು ವರ್ಷ ಕಳೆದು ಪ್ರಕಟವಾದ ಪುಸ್ತಕದಲ್ಲೂ ಹಳೆಯ ಹೆಸರೇ ಉಳಿದಿದೆ. ಇದನ್ನು ಲೇಖಕನ ಅಜ್ಞಾನ ಎನ್ನುವ ಅವಸರ ಬೇಡ: ಹೆಸರು ಬದಲಾದರೂ ಬಳಕೆ ಬದಲಾಗುವುದು ನಿಧಾನ. ಇನ್ನೊಂದು ಸ್ವಾರಸ್ಯ, ‘ಕೊರಕಾನ’ ಎಂಬುದು ಸಿಂಹಳದ ‘ಕುರಕ್ಕನ್’ನಿಂದ ಬಂದದ್ದು. ನಮ್ಮ ಮುದ್ದೆಯ ಧಾನ್ಯದ ಶಾಸ್ತ್ರೀಯ ಹೆಸರಿನಲ್ಲಿ ಕನ್ನಡವಿಲ್ಲ, ಲಂಕೆ ಇದೆ.

ನನ್ನ ಮುಖ್ಯ ಆಕ್ಷೇಪ ಬೇರೆ. ಕರಿ, ಕೆಂಪು ಮುಂತಾಗಿ ಮೂರು ಬಗೆಯ ರಾಗಿಯನ್ನು ರೈತರು ಗುರುತಿಸುತ್ತಿದ್ದರೆಂದು ಬುಕಾನನ್ನನೇ ದಾಖಲಿಸಿದ್ದಾನೆ. ಲ್ಯಾಟಿನ್ ಹೆಸರು ಮಾತ್ರ ಒಂದೇ. ಪ್ರಭೇದವನ್ನು ಗುರುತಿಸಲು ಅದು ಸಾಕು, ಬಿತ್ತನೆಗೆ ಸಾಲದು. ಹೊಲದಲ್ಲಿ ನಿಂತು ಆ ವ್ಯತ್ಯಾಸ ಹೇಳಿದವನು ವಿಜ್ಞಾನದ ಅರ್ಧ ಕೆಲಸ ಮಾಡಿದ್ದ. ಪತ್ರ ಬರೆದವರು, ಪಡೆದವರು, ಸಸ್ಯಕ್ಕೆ ಹೆಸರಿಟ್ಟವರು ಎಲ್ಲರೂ ನಮಗೆ ಹೆಸರಿನಿಂದ ಗೊತ್ತು. ಹೇಳಿದ ರೈತ ಬಹುತೇಕ ಎಲ್ಲ ಕಡೆ ಬರೀ ‘ರೈತರು’ ಎಂಬ ಬಹುವಚನದಲ್ಲಿ ಕರಗಿಹೋಗಿದ್ದಾನೆ. ಅವನಿಗೆ ಆ ಟಪಾಲಿನ ಉತ್ತರ ಬರಲಿಲ್ಲ.

ಕಪಿಲೆಯ ದಂಡೆಯ ಶಾಲೆಗಳ ವಿದ್ಯಾರ್ಥಿಗಳು ಊರಿನ ಬೆಳೆಗಳ ಪಟ್ಟಿ ಮಾಡುವಾಗ ಮೂರು ಕಲಮು ಹಾಕಲಿ: ಕನ್ನಡದ ಹೆಸರು, ಶಾಸ್ತ್ರೀಯ ಹೆಸರು, ಹೇಳಿದವರು ಯಾರು. ಬುಕಾನನ್‌ನ ಪುಸ್ತಕದಲ್ಲಿ ಮೊದಲೆರಡು ಮಾತ್ರ ಇವೆ.